ಕೂಲರ್ ಬಂದ್ ಮಾಡಿ ಹಾಡಿದವಳು

ಅಕ್ಕನ ತಲೆಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಕೂದಲು ಅದುಮಿ ಬಿದ್ದ ಒಂದು ತಗ್ಗು ಇತ್ತು. ಎಣ್ಣೆ ಹಚ್ಚಿ ಬಾಚಿದರೂ ಹೋಗುತ್ತಿರಲಿಲ್ಲ. ಹೆಡ್‌ಫೋನ್ ಒತ್ತಿ ಒತ್ತಿ ಆದದ್ದು. ಅದರ ಸ್ಪಂಜು ಹರಿದಾಗ ಅವ್ವನ ಹಳೆಯ ಖಣದ ಕುಪ್ಪಸ ಕತ್ತರಿಸಿ ಹೊಲಿದುಕೊಂಡಿದ್ದಳು. ಆ ಕೆಂಪು ಖಣದ ಕಿವಿಗಳನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತರೆ ಯಾವುದೋ ನಾಟಕದ ಪಾತ್ರದಂತೆ ಕಾಣುತ್ತಿದ್ದಳು.

ಅಪ್ಪ ಅಂಚೆ ಇಲಾಖೆಯ ನೌಕರಿಗೆಂದು ಗದಗಿನ ಕಡೆಯಿಂದ ನಾಗಪುರಕ್ಕೆ ಬಂದವರು. ಅಪ್ಪ, ಅವ್ವ ತೀರಿಹೋದ ಮೇಲೆ ಮನೀಶ್ ನಗರದ ಮನೆಯಲ್ಲಿ ನಾವಿಬ್ಬರೇ. ಅಕ್ಕನಿಗೆ ಹಗಲು ಸದರ್ ಪೇಟೆಯ ಬ್ಯಾಂಕಿನಲ್ಲಿ ಕೆಲಸ, ಸಂಜೆ ಕೀಬೋರ್ಡು. ನಾನು ಹತ್ತನೆಯ ಇಯತ್ತೆ ಮುಗಿಸದೆ ಮರಾಠಿ ಶಾಲೆ ಬಿಟ್ಟವನು. ಹಿಂಗಣಾದ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ನಡೆಸುತ್ತೇನೆ. ಈ ಕನ್ನಡ ಅಕ್ಷರಗಳನ್ನು ಕಲಿಸಿದವಳು ಅಕ್ಕ. ಒತ್ತಕ್ಷರ ಬಂದರೆ ನಾನು ಅಳುತ್ತಿದ್ದೆ. ಅವಳು ಒಮ್ಮೆಯೂ ಹೊಡೆಯಲಿಲ್ಲ. "ತಿಳೀಲಿಲ್ಲಾ? ಇನ್ನೊಮ್ಮೆ," ಎನ್ನುತ್ತಿದ್ದಳು, ಅಷ್ಟೇ.

ಅವಳ ಮೊದಲ ಆಲ್ಬಮ್ ನಮ್ಮ ಮನೆಯಲ್ಲೇ ಆಯಿತು, ಅದೂ ಮೇ ತಿಂಗಳಲ್ಲಿ. ಕೂಲರಿನ ಸಪ್ಪಳ ಮೈಕಿಗೆ ಸಿಗುತ್ತದೆಂದು ಅದನ್ನು ಬಂದ್ ಮಾಡಿ, ಬಾಗಿಲು ಕಿಟಕಿ ಮುಚ್ಚಿ, ತಲೆಯ ಮೇಲೆ ಒದ್ದೆ ಟವೆಲ್ ಹೊದ್ದು ಹಾಡುತ್ತಿದ್ದಳು. ನಾನು ಹೊರಗೆ ಮೆಟ್ಟಿಲ ಮೇಲೆ ಬೆವರುತ್ತ ಕೂಡುತ್ತಿದ್ದೆ.

"ಆತೇನ ಅಕ್ಕಾ? ಜೀವ ಹೊಂಟೈತಿ!"

"ಸುಮ್ ಕುಂದ್ರಲೇ. ನಿನ್ನ ಉಸಿರೂ ಕೇಳಸ್ತೈತಿ ಇದರಾಗ."

ಆಲ್ಬಮ್ಮಿಗೆ ಹೆಸರೂ 'ಕೂಲರ್ ಬಂದ್' ಎಂದೇ. ತಬಲಾ ಇಲ್ಲ, ಹಾರ್ಮೋನಿಯಂ ಪೇಟಿ ಇಲ್ಲ, ಎಲ್ಲ ಕೀಬೋರ್ಡು ಕಂಪ್ಯೂಟರಿನಿಂದ ಹುಟ್ಟಿದ ಸಪ್ಪಳ. ಅದರ ಮೇಲೆ ನಮ್ಮ ಮನೆಯಲ್ಲಿ ಆಡುವಂಥ ಕನ್ನಡ. ಮೊದಲ ಹಾಡು ಅರ್ಧ ಕೇಳಿ "ಚಲೋ ಐತಿ" ಎಂದು ಡ್ಯೂಟಿಗೆ ಹೋದೆ.

ಹಾಡುಗಳು ನೆಟ್‌ನಲ್ಲಿ ಬಂದವು. ಕನ್ನಡ ಸಂಘದ ಕಾಕು ಒಬ್ಬರು, ವಯಸ್ಸಾದ ಹೆಂಗಸು, ಮನೆಗೇ ಬಂದು, "ಇಷ್ಟ ಚಂದ ದನಿ ಐತಿ, ಒಂದ ದೇವರ ಹಾಡ ಹಾಡಬಾರದೇನವಾ? ಇದೇನ ಮಿಕ್ಸರ್ ತಿರುವಿದಂಗ!" ಎಂದರು.

"ಮಿಕ್ಸರೂ ಹಾಕೇನ್ರಿ ಕಾಕು, ಮೂರನೇ ಹಾಡಿನ್ಯಾಗ," ಎಂದು ಅಕ್ಕ ನಕ್ಕಳು.

ಹೊಸ ಹಾಡುಗಳ ಬಗ್ಗೆ ಬರೆಯುವ ಬೆಂಗಳೂರಿನ ಹುಡುಗನೊಬ್ಬ ಮಾತ್ರ ತುಂಬ ಹೊಗಳಿ ಬರೆದಿದ್ದ. ಆದರೆ ಕೇಳುವವರ ಸಂಖ್ಯೆ ಏರಲಿಲ್ಲ. ಅಕ್ಕ ಊಟದ ನಡುವೆ ಫೋನಿನಲ್ಲಿ ಆ ಸಂಖ್ಯೆ ನೋಡಿ ಫೋನನ್ನು ಬೋರಲು ಹಾಕುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು.

ಕಾರ್ಖಾನೆಯ ಗೆಳೆಯನಿಗೆ ಹೇಳಿಕೊಂಡೆ. "ನಂಬರ್ ವಾಢಲಾ ಪಾಹಿಜೆ ನಾ, ಭಾವೂ?" ಎಂದ. ಸಂಖ್ಯೆ ಏರಿದರಾಯಿತಲ್ಲ, ಅದೇನು ದೊಡ್ಡ ಮಾತು ಎಂಬಂತೆ. ಮರುದಿನದಿಂದ ನಮ್ಮ ಪಾಳಿಯವರೆಲ್ಲ ತಮ್ಮ ಫೋನಿನಲ್ಲಿ ಅಕ್ಕನ ಆಲ್ಬಮ್ ಹಚ್ಚಿ, ಆವಾಜ್ ಪೂರ್ತಿ ಇಳಿಸಿ, ಲಾಕರಿನಲ್ಲಿಟ್ಟು ಕೆಲಸಕ್ಕೆ ನಿಂತರು. ಮುಗಿದರೆ ಮತ್ತೆ ಮೊದಲಿನಿಂದ ತಾನೇ ಹಾಡುವಂತೆ ಮಾಡಿದ್ದೆವು. ನಾನು ಎಲ್ಲರಿಗೂ ತರ್ರಿ ಪೋಹೆ, ಖಾರದ ರಸ ಸುರಿದ ಅವಲಕ್ಕಿ, ತಿನ್ನಿಸಿದೆ.

ಸಂಖ್ಯೆ ಏರಿತು. ಎಲ್ಲಿಯವರು ಕೇಳುತ್ತಿದ್ದಾರೆ ಎಂಬುದೂ ಅದರಲ್ಲಿ ಕಾಣುತ್ತದಂತೆ. "ನಾಗಪುರದಾಗಲೇ, ನಮ್ಮ ಊರಾಗ!" ಎಂದು ಅಕ್ಕ ಅಡಿಗೆಮನೆಯಿಂದ ಓಡಿ ಬಂದಳು. ಆ ದಿನಗಳಲ್ಲಿ ಮೆಟ್ರೋದಲ್ಲಿ ಯಾರಾದರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದರೆ ಅಕ್ಕ ಅವರ ಮುಖವನ್ನೇ ನೋಡಿ ಮುಗುಳ್ನಗುತ್ತಿದ್ದಳು. ಇವರೇ ಇರಬಹುದೇ, ಅವರಿರಬಹುದೇ ಎಂದು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ನನಗೂ ಖುಷಿಯೇ ಆಗುತ್ತಿತ್ತು. ಅದು ಹೇಗಾಯಿತೋ, ಈಗ ಯೋಚಿಸಿದರೆ ತಿಳಿಯುವುದಿಲ್ಲ.

ಆಮೇಲೆ ಹಾಡು ಹಾಕುವ ಕಂಪನಿಯಿಂದ ಸಂದೇಶ ಬಂತು. ಕೇಳಿದ್ದೆಲ್ಲ ಖೊಟ್ಟಿ, ಆಲ್ಬಮ್ ತೆಗೆದುಹಾಕಿದ್ದೇವೆ ಎಂದು. ಬೆಂಗಳೂರಿನ ಹುಡುಗ 'ಇವರೂ ಕೇಳುಗರನ್ನು ಕೊಂಡವರೇ' ಎಂದು ಬರೆದ. "ನಾ ಯಾರಿಗೂ ಒಂದ ಪೈಸೆ ಕೊಟ್ಟಿಲ್ಲಲ್ಲೋ," ಎಂದು ಅಕ್ಕ ನನ್ನನ್ನೇ ಕೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋದೆ.

ಇಂದಿಗೂ ನನಗೆ ಬರೋಬರ್ ತಿಳಿದಿಲ್ಲ. ಹಾಡು ಅವಳದೇ, ಫೋನುಗಳೂ ನಿಜವಾದವೇ. ಕದ್ದದ್ದೇನು? ಆದರೂ ಕದ್ದವನ ಹಾಗೆ ಮನೆಯಲ್ಲಿ ತಿರುಗುತ್ತಿದ್ದೆ. ಹೆಡ್‌ಫೋನ್ ಮೊಳೆಗೆ ನೇತುಬಿತ್ತು. ಅಕ್ಕನ ಕೂದಲಿನ ತಗ್ಗು ನಿಧಾನವಾಗಿ ಮುಚ್ಚಿಕೊಂಡಿತು. ತಲೆ ಎಲ್ಲರ ತಲೆಯಂತಾಯಿತು. ಅದನ್ನು ನೋಡಲಾಗದೆ, ಮುಂದಿನ ಬೇಸಿಗೆಯ ಒಂದು ಭಾನುವಾರ ಚಹಾ ಕುಡಿಯುವಾಗ ಎಲ್ಲವನ್ನೂ ಹೇಳಿಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಪ್ಪನ್ನು ಕೆಳಗಿಟ್ಟಳು.

"ಎಲ್ಲಾ ಫೋನಿಂದೂ ಆವಾಜ್ ಬಂದ್ ಇತ್ತಾ?"

"ಹೂಂ."

"ಅಂದ್ರ ಯಾರೂ ಕೇಳಿಲ್ಲ."

"ಇಲ್ಲ."

"ನೀ?"

"ಅರ್ಧ ಹಾಡು," ಎಂದೆ.

ಅವಳು ನನ್ನ ತಪ್ಪನ್ನು ವಿವರಿಸಿ ಕಂಪನಿಗೆ ಬರೆದಳು. ಅವರು ಒಪ್ಪಲಿಲ್ಲ. 'ಕೂಲರ್ ಬಂದ್' ಈಗ ಹುಡುಕಿದರೂ ಸಿಗುವುದಿಲ್ಲ. ಅವಳ ಕಂಪ್ಯೂಟರಿನಲ್ಲಿ ಮಾತ್ರ ಇದೆ.

ನಾನು ಎಲ್ಲ ಹೇಳಿದ ಆ ಭಾನುವಾರವೇ ಮಧ್ಯಾಹ್ನ ಅಕ್ಕ ಎದ್ದು ಕೂಲರ್ ಬಂದ್ ಮಾಡಿದಳು. ಹೆಡ್‌ಫೋನನ್ನು ಮೊಳೆಯಿಂದ ತೆಗೆದು ನನ್ನ ತಲೆಗೆ ಹಾಕಿದಳು. ಖಣಕ್ಕೆ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಬೆವರು ಸುರಿಸುತ್ತ ಎಲ್ಲ ಹಾಡುಗಳನ್ನೂ ಕೊನೆಯವರೆಗೆ ಕೇಳಿದೆ. ಕೊನೆಯ ಹಾಡಿನಲ್ಲಿ ಅವಳ ದನಿ ನಿಂತ ಕಡೆ, ಬಾಗಿಲಾಚೆಯಿಂದ, ತೀರ ಸಣ್ಣಗೆ ಯಾರೋ ಕೇಳಿದರು: "ಆತೇನ ಅಕ್ಕಾ?"

ನಾನೇ. ಅಳಿಸದೆ ಬಿಟ್ಟಿದ್ದಳು.

ಅಕ್ಕ ಹೆಡ್‌ಫೋನಿನ ಒಂದು ಕಿವಿ ಸರಿಸಿ ಕೇಳಿದಳು: "ಹೆಂಗೈತಿ?"

ಚಲೋ ಐತಿ ಎನ್ನಬಹುದಿತ್ತು. "ತಿಳೀಲಿಲ್ಲ ಅಕ್ಕಾ," ಎಂದೆ.

"ಇನ್ನೊಮ್ಮೆ," ಎಂದು ಅವಳು ಮತ್ತೆ ಮೊದಲಿನಿಂದ ಹಚ್ಚಿದಳು.