ಕಳ್ಳನಿಗೆ ಕೊಟ್ಟ ಮಾತು

ಯಲಬುರ್ಗಾ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ತನ್ನ ಪುಟ್ಟ ಮಗಳಿಗೆ ಚಿತ್ರಕಥೆ ಓದಿ ಹೇಳುತ್ತಿದ್ದಳು. ರಾಜನ ಮಾತನ್ನು ಅಚ್ಚಾದಂತೆಯೇ ಓದಿದಳು. ಕಳ್ಳ ಬಂದಾಗ ಮಾತ್ರ, "ಏಯ್, ಗಂಟು ಎಲ್ಲೈತಿ, ಹೇಳಲೇ!" ಎಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಬಗ್ಗಿ ನೋಡಿದೆ. ಪುಸ್ತಕದಲ್ಲಿ ಕಳ್ಳನೂ ರಾಜನ ಹಾಗೆಯೇ ಗ್ರಾಂಥಿಕ ಕನ್ನಡದಲ್ಲಿ ಮಾತಾಡಿದ್ದ.

"ಇದರಾಗ ಹಂಗ ಬರದಿಲ್ಲಲ್ರಿ?" ಎಂದೆ.

"ಕಳ್ರು ಎಲ್ಯಾರ ಶುದ್ಧ ಮಾತಾಡ್ತಾರೇನ್ರಿ? ಟಿವಿಯೊಳಗ ನೋಡಿಲ್ಲೇನ್ರಿ?" ಎಂದು ಆಕೆ ನನ್ನನ್ನೇ ಕೇಳಿದಳು.

ನಮ್ಮ ಕಡೆಯ ಮಾತನ್ನು ಕಳ್ಳರಿಗೂ ಆಳುಗಳಿಗೂ ಅಂಟಿಸುವ ಧಾರಾವಾಹಿಗಳನ್ನು ಬೈದು ಪತ್ರಿಕೆಗಳಿಗೆ ಬರೆಯುತ್ತ ಬಂದವಳು ನಾನು. ಇನ್ನು ಯಾರೂ ಅಂಟಿಸಬೇಕಾಗಿಲ್ಲ, ನಾವೇ ಅಂಟಿಸಿಕೊಳ್ಳುತ್ತೇವೆ. ಬೇವೂರಿನಲ್ಲಿ ಇಳಿಯುವಾಗ ತಾಯಿ ಚೀಲ ಮರೆತಳು. "ಯವ್ವಾ, ಚೀಲ ಇಲ್ಲೇ ಐತಿ!" ಎಂದು ಮಗಳು ಕೂಗಿದಳು, ಅದೇ ಕಳ್ಳನ ಮಾತಿನಲ್ಲಿ.