ನನ್ನ ಕಡೆಗೊಮ್ಮೆ ತಿರುಗಿದ ಕಣ್ಣು

ಸಪ್ಪಲಮ್ಮ ತಾಯಿಯನ್ನು ನಂಬಿ ಬಾಳುತ್ತಿರುವ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಮುನಿರತ್ನಮ್ಮನ ನಮಸ್ಕಾರ. ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ ಇದೆ. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ, ಮಗ, ಸೊಸೆ, ಯಜಮಾನರು, ನಾನು. ಅಮ್ಮ ನನಗೆ ಮಾಡಿದ ಉಪಕಾರವನ್ನು ಹೇಳಿಕೊಳ್ಳಬೇಕೆಂದರೆ ನನ್ನ ಹೊಟ್ಟೆಕಿಚ್ಚನ್ನೂ ಹೇಳಲೇಬೇಕು. ಅದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ನಮ್ಮ ಯಜಮಾನರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಆಪರೇಷನ್ ಎಂದರೆ ಸಾಕು, "ಕತ್ತಿ ಆಕುದ್ರೆ ಇರೋ ಬೆಳಕೂ ಓಯ್ತದೆ" ಎಂದು ಎದ್ದು ಹೋಗುತ್ತಿದ್ದರು. ಅಷ್ಟು ದಿನವೂ ಅವರ ಕಣ್ಣು ನಾನೇ. ಸಾರಿನಲ್ಲಿದ್ದ ಮೂಳೆ ತೆಗೆದಿಡುವುದು, ಉಗುರು ಕತ್ತರಿಸುವುದು, ಎದುರಿಗೆ ಬಂದವರು ಯಾರೆಂದು ಕಿವಿಯಲ್ಲಿ ಹೇಳುವುದು ಎಲ್ಲಾ ನನ್ನ ಕೆಲಸ. ಮದುವೆಯಾದಾಗಿನಿಂದ ಬೀದಿಯಲ್ಲಿ ನನಗಿಂತ ಹತ್ತು ಮಾರು ಮುಂದೆ ನಡೆಯುತ್ತಿದ್ದ ಮನುಷ್ಯ, ಕಣ್ಣು ಮಂಜಾದ ಮೇಲೆ ನನ್ನ ಕೈ ಹಿಡಿದು ನಡೆಯತೊಡಗಿದರು. ಅವರ ಕಷ್ಟ ನೋಡಿ ಅಳು ಬರುತ್ತಿತ್ತು. ಆದರೂ ಆ ಕೈ ನನಗೆ ಹಿತವಾಗಿತ್ತು.

ಕಳೆದ ಮಾಘದಲ್ಲಿ ಅವರು ಹಸುವಿನ ಗೂಟ ಎಡವಿ ಬಿದ್ದರು. ಹಣೆ ಒಡೆದು ರಕ್ತ ಬಂತು. ಅವತ್ತೇ ನಾನು ಸಪ್ಪಲಮ್ಮನಿಗೆ ಹರಕೆ ಹೊತ್ತೆ. "ಇವರಿಗೆ ಕಣ್ಣು ಕೊಡು ತಾಯಿ, ಮಡಿಲಕ್ಕಿ ಕಟ್ಟುತ್ತೇನೆ." ಯಾವ ಮಾತಿಗೂ ಒಪ್ಪದಿದ್ದವರು ಮಾರನೆಯ ವಾರ ತಾವಾಗಿಯೇ "ಓಗಾನ ನಡಿ" ಎಂದರು. ಇದು ಅಮ್ಮ ಮಾಡಿದ ಮೊದಲನೆಯ ಉಪಕಾರ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್.ಗೆ ಹೋದೆವು. ಅಲ್ಲಿನ ಕಣ್ಣಾಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರು. ಮೊದಲು ಬಲಗಣ್ಣು ಮಾಡೋಣ, ಎಡಗಣ್ಣು ಆಮೇಲೆ ಎಂದರು. ವಾರ್ಡಿನಲ್ಲಿ ಸೆಲ್ವಿ ಎಂಬ ನರ್ಸ್ ಇದ್ದಳು, ನಂದಿದುರ್ಗ ಗಣಿಯ ಕೂಲಿಕಾರರ ಲೈನ್ ಮನೆಗಳ ಕಡೆಯವಳು. ತಮಿಳು, ಕನ್ನಡ, ತೆಲುಗು ಮೂರನ್ನೂ ಕಲಸಿ ಮಾತಾಡುವ ಹೆಂಗಸು. ಅವಳ ದನಿ ತುಂಬ ಮೆತ್ತಗೆ.

ಮಾರನೆಯ ದಿನ ಬೆಳಿಗ್ಗೆ ಕಣ್ಣಿನ ಮೇಲಿದ್ದ ಪಟ್ಟಿ ತೆಗೆಯುತ್ತಾರೆಂದು ನಾನು ಹೂ ಮುಡಿದು ನಿಂತಿದ್ದೆ. ಅವರು ಮೊದಲು ನೋಡುವುದು ನನ್ನ ಮುಖವಾಗಿರಲಿ ಎಂಬ ಆಸೆ. ಆದರೆ ನಾನು ನಿಂತದ್ದು ಎಡಗಡೆ, ಪೊರೆ ಇನ್ನೂ ಇದ್ದ ಕಣ್ಣಿನ ಕಡೆ. ಪಟ್ಟಿ ಬಿಚ್ಚಿದ ಸೆಲ್ವಿ ಎದುರಿಗೇ ಇದ್ದಳು.

"ತಾತಾ, ತೆಲಿಯುತ್ತಾ? ಕಾಣಿಸ್ತದಾ?" ಎಂದು ಕೇಳಿದಳು.

ನಮ್ಮ ಯಜಮಾನರು ಬಾಯಿ ಬಿಟ್ಟು ನೋಡಿದರು. "ಕಾಣ್ತದೆ ಕಣಮ್ಮ. ಲಕ್ಸ್ಮಿ ಇದ್ದಂಗೆ ಕಾಣ್ತೀಯ!"

ವಾರ್ಡಿನವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗಾಯಿತು. ಮೂರು ವರ್ಷ ಕೈಹಿಡಿದು ನಡೆಸಿದವಳು ನಾನು, ಲಕ್ಷ್ಮಿಯಾದವಳು ಅವಳು.

ವಾಪಸು ಬರುವಾಗ ರೈಲಿನ ಕಿಟಕಿಯಲ್ಲಿ ಚಿಕ್ಕ ಮಗುವಿನ ಹಾಗೆ ಕೂತಿದ್ದರು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ, ಹಳಿ ಪಕ್ಕದ ಮೇಕೆ, ಯಾರದೋ ಮನೆಯ ಮುಂದೆ ಒಣಹಾಕಿದ ಸೀರೆ, ಕಂಡದ್ದನ್ನೆಲ್ಲ ಕೂಗಿ ಹೇಳಿದರು. ಪಕ್ಕದಲ್ಲಿ ಕೂತವಳು ಹೇಗಿದ್ದಾಳೆಂದು ಹೇಳಲಿಲ್ಲ.

ಮನೆಗೆ ಬಂದ ಮೇಲೆ ಪಥ್ಯ ಶುರುವಾಯಿತು. ತಲೆಗೆ ನೀರು ಹಾಕಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು, ಹೊರಗೆ ಕಪ್ಪು ಕನ್ನಡಕ. ಒಂದು ಕಣ್ಣು ಚುರುಕು, ಇನ್ನೊಂದು ಮಂಜು, ಎರಡೂ ಹೊಂದುತ್ತಿರಲಿಲ್ಲ. ಲೋಟದ ಪಕ್ಕಕ್ಕೆ ನೀರು ಸುರಿಯುವರು. ಹೊಸ್ತಿಲು ದಾಟಲು ಗೋಡೆ ಹತ್ತುವವರ ಹಾಗೆ ಕಾಲೆತ್ತುವರು. ಅಂಗೈಯಿಂದ ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಮುಚ್ಚಿಕೊಂಡು, "ಇದುಕ್ಕೆ ಪಂಚೆ ಬೆಳ್ಳಗೈತೆ, ಅದುಕ್ಕೆ ಅರಿಶಿನ ಬಳಿದಂಗೈತೆ. ಯಾವ್ದು ನಿಜಾನೋ!" ಎನ್ನುವರು.

ಕಣ್ಣಿಗೆ ಔಷಧಿ ಬಿಡುವುದು ನನ್ನ ಪಾಲಿಗೆ ಬಂತು. ನಾನು ಬಿಟ್ಟ ಹನಿ ಕೆನ್ನೆಗೋ ಮೂಗಿಗೋ ಬೀಳುತ್ತಿತ್ತು.

"ಸೆಲ್ವಿಯಮ್ಮ ಬಿಟ್ರೆ ರೆಪ್ಪೆಗೂ ತಾಕ್ತಿರ್ಲಿಲ್ಲ" ಎಂದರು ಒಂದು ದಿನ.

"ಅಂಗಾದ್ರೆ ಅವಳ ತಾವೇ ಓಗಿ ಬಿಡಿಸ್ಕೊ ಓಗಯ್ಯ" ಎಂದು ಸೀಸೆಯನ್ನು ಗೂಡಿನಲ್ಲಿಟ್ಟು ಎದ್ದೆ. ಅಂದಿನಿಂದ ಸೊಸೆ ಮಂಜುಳಾ ಔಷಧಿ ಬಿಡತೊಡಗಿದಳು. ಅವಳ ಮೇಲೂ ನನಗೆ ಉರಿಯೇ.

ಕಣ್ಣು ಒಗ್ಗುತ್ತಾ ಬಂದಂತೆ ನಮ್ಮ ಯಜಮಾನರು ಮನೆಯಲ್ಲಿ ನಿಲ್ಲಲಿಲ್ಲ. ಮತ್ತೆ ಬೀದಿಯಲ್ಲಿ ನನಗಿಂತ ಹತ್ತು ಮಾರು ಮುಂದೆ. ಯಾರ ಮನೆಯ ಗೋಡೆಗೆ ಯಾವ ಬಣ್ಣ, ಯಾರ ಹಸು ಚೆನ್ನಾಗಿದೆ, ಯಾರ ಸೊಸೆ ಬೆಳ್ಳಗಿದ್ದಾಳೆ ಎಂದೆಲ್ಲ ಊಟಕ್ಕೆ ಕೂತಾಗ ವರದಿ. ಊರಿನ ಕಲ್ಲು ಮಣ್ಣಿನ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಮುಖವನ್ನು ಅವರು ಸರಿಯಾಗಿ ನೋಡಿದ್ದು ಒಂದೇ ಸಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಬಂದು ನಿಂತು, "ಲೇ ರತ್ನ, ಇಷ್ಟೊಂದು ಮುದ್ಕಿ ಆಗ್ಬಿಟ್ಟಿದ್ದೀಯಲ್ಲೇ" ಎಂದರು. ಆಮೇಲೆ ಏನೋ ಹೇಳಲು ಬಂದವರು ಸುಮ್ಮನಾದರು. ನಾನು ಒದ್ದೆ ಪಂಚೆಯನ್ನು ಕಲ್ಲಿಗೆ ಇನ್ನಷ್ಟು ಜೋರಾಗಿ ಬಡಿದೆ.

ಅದಾದ ಮೇಲೆ ಅವರು ಒಬ್ಬರೇ ಕೆ.ಜಿ.ಎಫ್.ಗೆ ಹೋಗಲು ಶುರುಮಾಡಿದರು. ಡಾಕ್ಟರು ಹೇಳಿದ ದಿನ ಇನ್ನೂ ದೂರವಿತ್ತು. ಕೇಳಿದರೆ "ಚೆಕಪ್ಪು" ಎನ್ನುವರು. "ನಾನೂ ಬತ್ತೀನಿ" ಎಂದರೆ "ಅಸಾ ಯಾರು ನೋಡ್ಕಂತಾರೆ?" ಎನ್ನುವರು. ಎರಡನೆಯ ಸಲ ಹೊರಟಾಗ ಮಂಜುಳಾ ಅಡುಗೆಮನೆಗೆ ಬಂದು, "ಅತ್ತೆ, ಮಾವ ಪೌಡರ್ ಆಕ್ಕೊಂಡವ್ರೆ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ರಸ್ತೆ ತಲುಪಿದ್ದರು. ಹೋಗುತ್ತಿರುವುದು ಅವರೇ ಎಂದು ಅಂಗಿಯ ಬಿಳುಪಿನಿಂದ ಮಾತ್ರ ಗೊತ್ತಾಯಿತು.

ಸಂಜೆ ಬಂದಾಗ ಕೇಳಿಯೇ ಬಿಟ್ಟೆ. "ಸೆಲ್ವಿ ಇದ್ಲಾ?"

"ಇದ್ಲು. ನಿನ್ನ ಕೇಳುದ್ಲು."

"ನನ್ನ ಯಾಕೆ ಕೇಳ್ತಾಳೆ?"

ಅವರು ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಆ ರಾತ್ರಿ ಅವರಿಗೆ ಬಡಿಸಿದ ಸಾರಿಗೆ ಉಪ್ಪು ಹಾಕಲಿಲ್ಲ. ಬಾಚಣಿಗೆಯನ್ನು ರಾಗಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಈ ವಯಸ್ಸಿನಲ್ಲಿ ಇದೇನು ಎಂದು ನೀವು ನಗಬಹುದು. ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ. ಹಸು ಒದ್ದರೆ ಹಸುವಿನ ಮೇಲೆ, ಹಾಲು ಚೆಲ್ಲಿದರೆ ಸೊಸೆಯ ಮೇಲೆ ಕೂಗಾಡಿದೆ. ಇನ್ನು ನಾನು ಯಾರಿಗೂ ಬೇಡ, ಅವರಿಗೆ ಕಣ್ಣಿಲ್ಲದಾಗ ಮಾತ್ರ ನಾನು ಬೇಕಾಗಿದ್ದೆ ಎಂದು ಮನಸ್ಸು ಕುಸಿದುಹೋಯಿತು.

ಶುಕ್ರವಾರ ಮಡಿಲಕ್ಕಿ ಕಟ್ಟಿಕೊಂಡು ಸಪ್ಪಲಮ್ಮನ ಗುಡಿಗೆ ಹೋದೆ. ಹರಕೆ ತೀರಿಸಬೇಕಿತ್ತಲ್ಲ. ಅಕ್ಕಿ, ಬೆಲ್ಲ, ಬಳೆ ಅಮ್ಮನ ಮುಂದಿಟ್ಟು ಕೈಮುಗಿದೆ. ಕೃತಜ್ಞತೆಯ ಮಾತು ಬರಲಿಲ್ಲ. ಅಳು ಬಂತು. ಆ ಕಣ್ಣು ಮತ್ತೆ ಮಂಜಾಗಿ ಹೋಗಲಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಮ್ಮನೇ ತಡೆದಳು. ಅದನ್ನು ನುಂಗಿಕೊಂಡು ಹೀಗೆ ಕೇಳಿದೆ: "ನೀನು ಕೊಟ್ಟ ಕಣ್ಣು ಊರನ್ನೆಲ್ಲ ನೋಡುತ್ತಿದೆ. ನೋಡಲಿ. ಒಂದೇ ಒಂದು ಸಲ ಅದನ್ನು ನನ್ನ ಕಡೆಗೂ ತಿರುಗಿಸು ತಾಯಿ."

ಇದಕ್ಕಿಂತ ಹೆಚ್ಚೇನೂ ಕೇಳಲಿಲ್ಲ. ಅಮ್ಮ ಮಾರನೆಯ ಬೆಳಿಗ್ಗೆಯೇ ಉತ್ತರ ಕೊಟ್ಟಳು.

ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದೆ. ಯಜಮಾನರು ಬಂದು ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಕೆಳಗಿಟ್ಟರು. ತೋಳು ಹಿಡಿದು ಕೊಟ್ಟಿಗೆಯ ಹೊರಗೆ, ಬಿಸಿಲು ಬೀಳುವ ಜಾಗಕ್ಕೆ ಕರೆತಂದರು. ಗಲ್ಲ ಹಿಡಿದು ನನ್ನ ಮುಖ ಎತ್ತಿದರು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ನನಗೆ ನಾಚಿಕೆ, ಸಿಟ್ಟು.

"ಬಿಡಯ್ಯ, ಸುಕ್ಕು ಎಣಿಸ್ಬೇಕಾ ಇನ್ನೂ?"

"ಸುಮ್ಕಿರೇ. ನಿನ್ ಕಣ್ಣಾಗೆ ಬೆಳ್ಳಗೈತೆ. ಎರಡ್ರಾಗೂ. ನಂಗಿದ್ದಂಗೇ."

ನಾನು ಮುಖ ತಿರುಗಿಸಲು ನೋಡಿದೆ, ಅವರು ಬಿಡಲಿಲ್ಲ.

"ಕೆಳಗೆ ನೋಡು. ಆಲೆಲ್ಲ ಕ್ಯಾನ್ ಪಕ್ಕಕ್ಕೆ ಓಯ್ತೈತೆ. ಔಷ್ಧಿ ನನ್ ಕೆನ್ನೆಗೆ ಬಿಡ್ತಿದ್ದೆ. ಅನ್ನದಾಗೆ ಕಲ್ಲು. ನಂಗೆ ಕಣ್ಣು ಬಂದ್ಮೇಲೆ ಗೊತ್ತಾಯ್ತು ಕಣೇ, ನಿಂಗೆ ಕಣ್ಣು ಓಗೈತೆ ಅಂತ. ಇಷ್ಟು ದಿನ ಕುರುಡಿ ಕೈ ಇಡ್ಕಂಡು ಕುರುಡ ನಡೀತಿದ್ದ."

ಕೆ.ಜಿ.ಎಫ್.ಗೆ ಹೋಗುತ್ತಿದ್ದದ್ದು ನನ್ನ ವಿಷಯ ವಿಚಾರಿಸಲು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಆಪರೇಷನ್ ಮಾಡಬಹುದೇ ಎಂದು ಡಾಕ್ಟರನ್ನು ಕೇಳಿದ್ದರು. ಸಕ್ಕರೆ ಹತೋಟಿಗೆ ಬಂದರೆ ಮಾಡೋಣ, ಮೊದಲು ಕರೆದುಕೊಂಡು ಬನ್ನಿ ಎಂದಿದ್ದರಂತೆ. ಸೆಲ್ವಿ ದಿನ ಗೊತ್ತುಮಾಡಿಸಿದ್ದಳು.

"ನಂಗ್ಯಾಕೆ ಏಳ್ಲಿಲ್ಲ?"

"ನನ್ ತರ ನೀನೂ ಎದ್ರುಕೊಂಡು ಕುಂತ್ರೆ? ಎಲ್ಲಾ ಕೇಳ್ಕಂಡು ಬಂದು ಏಳಾನ ಅಂತ."

"ಅದುಕ್ಕೆ ಪೌಡರ್ ಯಾಕಯ್ಯ ಬೇಕಾಗಿತ್ತು?"

"ಆಸ್ಪತ್ರೆಗೆ ಓಗೋನು ಕೊಳಕಾಗಿ ಓಗಕ್ಕಾಗ್ತದಾ?"

ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಗುಡಿಯ ದಿಕ್ಕಿಗೆ ಕೈಮುಗಿದೆ. ಕಣ್ಣು ನನ್ನ ಕಡೆ ತಿರುಗಲಿ ಎಂದು ಕೇಳಿದ್ದೆ. ಅದು ಬರೀ ಮುಖ ನೋಡಲಿಲ್ಲ, ಕಣ್ಣೊಳಗೇ ನೋಡಿತು. ಮೂರು ವರ್ಷ ಅವರ ಕಣ್ಣಾಗಿದ್ದೇನೆ ಎಂಬ ಹೆಮ್ಮೆಯಲ್ಲಿ ನನ್ನ ಕಣ್ಣು ಹೋಗುತ್ತಿದ್ದದ್ದು ನನಗೇ ತಿಳಿದಿರಲಿಲ್ಲ. ಬೆಳಕೇ ಇಷ್ಟು, ಬಣ್ಣವೇ ಇಷ್ಟು ಎಂದುಕೊಂಡಿದ್ದೆ.

ಸಕ್ಕರೆ ಹತೋಟಿಗೆ ಬರುವವರೆಗೆ ಕಾದು, ಆಷಾಢ ಕಳೆದ ಮೇಲೆ ಮೊದಲು ಒಂದು ಕಣ್ಣಿಗೆ ಮಾಡಿಸಲು ಹೋದೆವು. ಸೆಲ್ವಿ ನನ್ನನ್ನು ಟೇಬಲ್ಲಿಗೆ ಕರೆದೊಯ್ಯುವಾಗ, "ಬಯಪಡಬೇಡಿ ಅಮ್ಮಾ, ತಾತ ಎಷ್ಟು ಸಲ ಬಂದ್ರು ಗೊತ್ತಾ ನಿಮಗೋಸ್ಕರ. ಮೇಲೆ ಪಾರುಂಗ, ಮೇಲೆ ನೋಡಿ" ಎಂದು ಹನಿ ಬಿಟ್ಟಳು. ರೆಪ್ಪೆಗೆ ತಾಕಲೇ ಇಲ್ಲ. ಯಜಮಾನರು ಹೇಳಿದ್ದು ನಿಜವೇ ಆಗಿತ್ತು ಎಂದು ಇನ್ನೂ ಸ್ವಲ್ಪ ಉರಿಯಿತು. ಆಪರೇಷನ್ ನಡೆಯುವಾಗ ದೀಪದ ಬೆಳಕು ನೀರಿನಲ್ಲಿ ಅಲುಗಿದ ಹಾಗೆ ಕಾಣುತ್ತಿತ್ತು. ಒಳಗೊಳಗೇ ಸಪ್ಪಲಮ್ಮಾ ಸಪ್ಪಲಮ್ಮಾ ಎನ್ನುತ್ತಿದ್ದೆ. ನೋವೇ ಆಗಲಿಲ್ಲ.

ಪಟ್ಟಿ ತೆಗೆದ ದಿನ ನಮ್ಮ ಯಜಮಾನರು ಸೆಲ್ವಿಗಿಂತ ಮುಂದೆ ಬಂದು ನಿಂತಿದ್ದರು. ಮೊದಲು ಕಂಡದ್ದು ಅವರ ಮುಖ. ಗಡ್ಡ ಅರ್ಧ ಬೋಳಿಸಿ ಅರ್ಧ ಬಿಟ್ಟಿದ್ದರು, ಕತ್ತಿನ ಮೇಲೆ ಪೌಡರು ಪಟ್ಟೆಪಟ್ಟೆಯಾಗಿತ್ತು. "ನೀನೂ ಮುದ್ಕ ಆಗಿದ್ದೀಯ ಕಣಯ್ಯ" ಎಂದೆ. ಅವರು ಗಟ್ಟಿಯಾಗಿ ನಕ್ಕು, ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಸೆಲ್ವಿಯನ್ನೂ ನೋಡಿದೆ. ಅಮ್ಮನ ಮೇಲೆ ಆಣೆ, ಚೆಲುವೆಯೇ. ಆದರೆ ಕಣ್ಣಿನ ಕೆಳಗೆ ಕಪ್ಪು, ಕೈಯಲ್ಲಿ ಸೂಜಿ ಚುಚ್ಚಿದ ಗುರುತು, ನಿದ್ದೆ ಕಾಣದ ಮುಖ. ನಾನು ಮುಡಿದಿದ್ದ ಮಲ್ಲಿಗೆಯಲ್ಲಿ ಅರ್ಧ ಕಿತ್ತು ಅವಳಿಗೆ ಕೊಟ್ಟೆ.

ಮನೆಯಲ್ಲಿ ಒಂದೊಂದೇ ಹೊಸದಾಗಿ ಕಂಡಿತು. ಹಸಿರು ಎಂದುಕೊಂಡು ಉಡುತ್ತಿದ್ದ ಸೀರೆ ನೀಲಿ. ಅಡುಗೆಮನೆಯ ಸೂರಿನಲ್ಲಿ ಗೇಣುದ್ದ ಮಸಿ. ಬಿಸಿಲಿಗೆ ಬಂದರೆ ಕಣ್ಣು ಕೋರೈಸುತ್ತಿತ್ತು. ಸಂಜೆ ಬೀದಿದೀಪದ ಸುತ್ತ ಕೂದಲಿನಂಥ ಗೆರೆಗಳು. ಎರಡು ಕಣ್ಣೂ ಹೊಂದದೆ ನಾನೂ ನೆಲವಿಲ್ಲದ ಕಡೆ ಕಾಲಿಟ್ಟೆ. ಹೆದರಿದಾಗ ಅವರು, "ನಂಗೂ ಇಂಗೇ ಆಗಿತ್ತು, ಒಗ್ಗಿಕೊಂತದೆ" ಎನ್ನುವರು. ಒಲೆಯ ಹತ್ತಿರ ನನ್ನನ್ನು ಬಿಡದೆ ತಾವೇ ಮುದ್ದೆ ಕೂಡಿಸಿದರು. ಮುದ್ದೆ ಗಂಟುಗಂಟು, ನಾನು ಮಾತಾಡದೆ ತಿಂದೆ. ದೂರದ್ದು ಚೆನ್ನಾಗಿ ಕಂಡರೂ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕಣ್ಣು ನೆಲೆನಿಂತ ಮೇಲೆ ಹತ್ತಿರದ್ದಕ್ಕೆ ಕನ್ನಡಕ ಕೊಟ್ಟರು. ಈ ಕಾಗದ ಬರೆಯುತ್ತಿರುವುದು ಆ ಕನ್ನಡಕ ಹಾಕಿಕೊಂಡೇ.

ದೀಪಾವಳಿಯಷ್ಟರಲ್ಲಿ ಇಬ್ಬರಿಗೂ ಎರಡನೆಯ ಕಣ್ಣಿನ ಆಪರೇಷನ್ನೂ ಮುಗಿದಿತ್ತು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದರೆ ಇಲ್ಲ. ಯಜಮಾನರು ಯಾರನ್ನಾದರೂ ಹೊಗಳಿದರೆ ಇಂದಿಗೂ ಚುರುಕ್ಕೆನ್ನುತ್ತದೆ. ಅದನ್ನು ತೆಗೆದುಬಿಡು ಎಂದು ಅಮ್ಮನನ್ನು ನಾನು ಕೇಳಿಯೂ ಇಲ್ಲ.

ಕಾರ್ತೀಕದ ಒಂದು ಶುಕ್ರವಾರ ಇಬ್ಬರೂ ಗುಡಿಗೆ ಹೋದೆವು. ಪೂಜಾರಪ್ಪ ಆರತಿ ಎತ್ತಿದ. ಎಷ್ಟೋ ವರ್ಷದಿಂದ ನಾನು ಅರಿಶಿನದ ಒಂದು ಮುದ್ದೆಗೆ ಕೈಮುಗಿಯುತ್ತಿದ್ದೆ. ಅವತ್ತು ತಾಯಿಯ ಹುಬ್ಬು ಕಂಡಿತು, ಮೂಗುತಿಯ ಕೆಂಪು ಹರಳು ಕಂಡಿತು, ತುಟಿಯ ಕೊನೆಯಲ್ಲಿ ನಗುವಿನ ಹಾಗೆ ಒಂದು ಕೊಂಕು ಕಂಡಿತು. ಆರತಿ ಮುಗಿದರೂ ನಾನು ಕದಲಲಿಲ್ಲ.

"ಏನೇ ಅಷ್ಟೊತ್ತು ಕೇಳ್ಕೊಂಡೆ?" ಎಂದರು ಮೆಟ್ಟಿಲು ಇಳಿಯುವಾಗ.

"ಏನೂ ಕೇಳ್ಲಿಲ್ಲ ಕಣಯ್ಯ," ಎಂದೆ. "ನೋಡ್ತಿದ್ದೆ."