ಬ್ಯಾಂಡಿನ ಬಾಯಮ್ಮ

ತೆಂಗಿನ ಹಾಲು ಪ್ಯಾಕೆಟಿನಲ್ಲಿ ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಮೊನ್ನೆ. ಸೊಸೆ ಬಂಟ್ವಾಳದ ಪೇಟೆಯಿಂದ ತಂದು, ಮೂಲೆ ಕತ್ತರಿಸಿ, ಪಾಯಸಕ್ಕೆ ಸುರಿದಳು. ಬಣ್ಣ ಉಂಟು, ಮಂದವೂ ಉಂಟು, ಪರಿಮಳ ಮಾತ್ರ ಇಲ್ಲ. ಎಂಬತ್ತು ದಾಟಿದ ಮೇಲೆ ಮೂಗು ಎಲ್ಲಿಂದ ಕೆಲಸ ಮಾಡಬೇಕು ಎಂದು ಅವಳು ನಕ್ಕಳು. ನನ್ನ ಮೂಗಿಗೆ ಏನೂ ಆಗಿಲ್ಲವೆಂದು ತೋರಿಸುವ ಹಟಕ್ಕೆ ಒಂದು ಕಾಯಿ ಒಡೆಸಿ, ತುರಿಸಿ, ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಹಾಕಿ ನಾನೇ ಹಿಂಡಿದೆ. ಮೊದಲ ಹಾಲು ಬೆರಳ ಸಂದಿಯಿಂದ ಇಳಿಯುವಾಗ ಆ ಪರಿಮಳ ಬಂತು ನೋಡಿ... ಪಾಯಸದ ನೆನಪೇ ಹೋಯಿತು. ವಾಮದಪದವಿನ ಒಂದು ಚಪ್ಪರ, ಅದರಡಿಯಲ್ಲಿ ಹೆಂಗಸರು, ಅವರ ನಡುವೆ ದಪ್ಪ ಕಂಠದ ಬಾಯಮ್ಮ ಕಣ್ಣ ಮುಂದೆ ಬಂದು ನಿಂತರು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಅಳದಂಗಡಿಯಿಂದ ಮದುವೆಯಾಗಿ ವಾಮದಪದವಿಗೆ ಬಂದಿದ್ದೆ. ಬಸ್ಸು ನಿಲ್ಲುವಲ್ಲಿ ಮಾವನವರ ಚಹಾದ ಹೋಟೆಲು, ಅದರ ಹಿಂದೆ ನಮ್ಮ ಮನೆ, ನಮ್ಮ ಹಿಂದೆ ಬಾಯಮ್ಮನ ಮನೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವುದೇ ಬಾಯಮ್ಮ ಎಂದು. ಎರಡು ಮನೆಗೂ ಬಾವಿ ಒಂದೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಬಂದ ಎರಡನೆಯ ದಿನವೇ ಬಾವಿಕಟ್ಟೆಯಲ್ಲಿ ಪರಿಚಯವಾಯಿತು. ನನಗಿಂತ ಹನ್ನೆರಡೋ ಹದಿಮೂರೋ ವರ್ಷಕ್ಕೆ ದೊಡ್ಡವರು. ನನ್ನ ಹತ್ತಿರ ತುಳು, ಮನೆಯೊಳಗೆ ಕೊಂಕಣಿ. ಗಂಡ ಮೂಡಬಿದ್ರೆಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಒಬ್ಬಳೇ ಮಗಳು, ಆಗ ಇನ್ನೂ ಶಾಲೆಗೆ ಹೋಗುವ ಹುಡುಗಿ.

ಕೊಡ ಎತ್ತುವಾಗಲೂ ಬಾಯಮ್ಮನ ಬಾಯಲ್ಲಿ ಏನಾದರೊಂದು ರಾಗ ಇರುತ್ತಿತ್ತು. ಇಂಪಾದ ಕಂಠ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಡಸು ಕಂಠ, ಒಳಗೆಲ್ಲೋ ಸ್ವಲ್ಪ ಒಡೆದದ್ದು. ನನ್ನ ಅತ್ತೆ ಅದನ್ನು ಹಂಡೆಯೊಳಗಿನ ಧ್ವನಿ ಎನ್ನುತ್ತಿದ್ದರು. ಆದರೆ ಅವರು ಹಾಡತೊಡಗಿದರೆ ಅತ್ತೆಯೂ ಹುಣಸೆಹಣ್ಣು ಬಿಡಿಸುವ ಕೈ ನಿಲ್ಲಿಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ವರ್ಷ ಹತ್ತಿರದ ಒಂದು ಮನೆಯಲ್ಲಿ ರೋಸ್ ಇತ್ತು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಎಂಬ ಕೊಂಕಣಿ ಹಾಡು ಹಾಡುತ್ತಾರೆ. ಒಬ್ಬರು ಎರಡು ಸಾಲು ಕಟ್ಟಿ ಹಾಡುವುದು, ಉಳಿದವರು ಅದನ್ನು ತಿರುಗಿ ಹಾಡುವುದು. ಆ ಮನೆಯ ಸೋದರಮಾವ ಯಾವುದೋ ಮಾತಿಗೆ ಮುನಿಸಿಕೊಂಡು ಹಿತ್ತಲಿನಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಯಾರು ಕರೆದರೂ ಬರಲಿಲ್ಲ. ಬಾಯಮ್ಮ ಅವನ ಬೀಡಿಯನ್ನೂ ಸೇರಿಸಿ ಎರಡು ಸಾಲು ಕಟ್ಟಿ ಹಾಡಿನಲ್ಲೇ ಅವನನ್ನು ಕರೆದರು. ಹೆಂಗಸರು ನಗುತ್ತಾ ತಿರುಗಿ ಹಾಡಿದರು. ಬೀಡಿ ಬಿಸಾಡಿ ಬಂದ ಮಾವ! ಹಾಡಿನಲ್ಲಿ ಕರೆದು, ಎಲ್ಲರೂ ಅದನ್ನು ತಿರುಗಿ ಹಾಡಿಬಿಟ್ಟರೆ ಕರೆಸಿಕೊಂಡವರು ಬರಲೇಬೇಕಂತೆ, ಬಾರದಿದ್ದರೆ ಮದುಮಗಳಿಗೆ ಒಳ್ಳೆಯದಲ್ಲವಂತೆ. ನನಗೆ ಅತ್ತೆ ಕಿವಿಯಲ್ಲಿ ಹೇಳಿದರು.

ಆಮೇಲೆ ಬಾಯಮ್ಮ ಹುಡುಗಿ ತವರು ಬಿಡುವ ಹಾಡು ಎತ್ತಿದರು. ನನಗೆ ಆಗ ಕೊಂಕಣಿಯ ಒಂದು ಶಬ್ದ ಬರುತ್ತಿರಲಿಲ್ಲ. ಅಳದಂಗಡಿಯಿಂದ ಹೊರಟ ದಿನ ನಾನು ಅತ್ತಿರಲಿಲ್ಲ, ಗಟ್ಟಿ ಹೆಣ್ಣು ಎಂದು ಎಲ್ಲರೂ ಹೊಗಳಿದ್ದರು. ಆ ಚಪ್ಪರದಲ್ಲಿ, ಗುರುತಿಲ್ಲದ ಹೆಂಗಸರ ನಡುವೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅಂದಿನಿಂದ ನಾನು ಅವರ ಪಕ್ಷ.

ಮರುವರ್ಷವೋ ಅದರಾಚೆಯ ವರ್ಷವೋ, ಅವರ ಗಂಡ ಜ್ವರದಲ್ಲಿ ತೀರಿಹೋದರು. ಬಳೆ ಹೋಯಿತು, ಬಣ್ಣದ ಸೀರೆ ಹೋಯಿತು, ರೋಸಿಗೆ ಕರೆಯುವುದೂ ನಿಂತಿತು. ಗಂಡ ಸತ್ತವರು ರೋಸಿನ ಚಪ್ಪರಕ್ಕೆ ಬರುವಂತಿರಲಿಲ್ಲ ಆ ಕಾಲದಲ್ಲಿ. ಈ ಸುದ್ದಿ ಹೊತ್ತು ತಂದವರು ಬಾಯಮ್ಮನ ಗಂಡನ ಅಕ್ಕ, ಅವರ ಮನೆತನದ ಹಿರಿಯ ಹೆಂಗಸು. ನಮ್ಮ ಅತ್ತೆಗೆ ಇದು ಅರ್ಥವೇ ಆಗಲಿಲ್ಲ. ನಮ್ಮ ಜಾತಿಯಲ್ಲಾದರೆ ಇಷ್ಟು ಹೊತ್ತಿಗೆ ಇನ್ನೊಂದು ಮದುವೆ ಮಾಡಿ ಆಗುತ್ತಿತ್ತು, ಇವರು ಹಾಡಲಿಕ್ಕೂ ಬಿಡುವುದಿಲ್ಲವಲ್ಲ ಎಂದು ಹೋಟೆಲಿಗೆ ಕೇಳುವ ಹಾಗೆ ಹೇಳಿದರು.

ಬಾಯಮ್ಮ ಕೂಗಾಡಲಿಲ್ಲ. ಕಡ್ಡಿ ಮುರಿದ ಹಾಗೆ ಅತ್ತಿಗೆಗೆ ಒಂದು ಮಾತು ಹೇಳಿದರು.

"ಕರೆಯದ ಕಡೆ ನಾನು ಹಾಡುವುದಿಲ್ಲ. ಕರೆದ ಕಡೆ ಯಾರು ಬೇಡ ಅಂದ್ರೂ ಹಾಡ್ತೇನೆ."

ಕರೆಯುವವರು ಇಲ್ಲದಿದ್ದರೆ ಕರೆಸಿಕೊಳ್ಳುವ ದಾರಿಯೂ ಅವರಿಗೆ ಗೊತ್ತಿತ್ತು. ಕ್ಲಾರಿನೆಟ್ ವಾಪಸು ಕೊಂಡುಹೋಗಲು ಬ್ಯಾಂಡಿನ ಮಾಸ್ಟ್ರು ಬಂದಿದ್ದರು. ಇನ್ನು ಇದನ್ನು ಊದುವವರು ಯಾರೆಂದು ಬಾಯಮ್ಮ ಕೇಳಿದರು. ಯಾರೂ ಇಲ್ಲ, ಸ್ವರ ಹಿಡಿಯುವವನೇ ಹೋದ ಮೇಲೆ ಬ್ಯಾಂಡ್ ಮುಚ್ಚುವುದೇ ಎಂದರು ಮಾಸ್ಟ್ರು. ಹಾಗಾದರೆ ಆ ಜಾಗದಲ್ಲಿ ನಾನು ಹಾಡುತ್ತೇನೆ ಎಂದರು ಬಾಯಮ್ಮ. ಮಾಸ್ಟ್ರಿಗೆ ನಗು ಬಂತು. ಮುಂದಿನ ಆದಿತ್ಯವಾರ ಎಲ್ಲರನ್ನೂ ಕರೆದುಕೊಂಡು ಬನ್ನಿ, ಕೇಳಿ ಆಮೇಲೆ ನಗುವ ಎಂದು ಕಳಿಸಿದರು.

ಆ ಆದಿತ್ಯವಾರ ಅಂಗಳದಲ್ಲಿ ತುತ್ತೂರಿ, ಡೋಲು, ತಾಳ ಎಲ್ಲ ಸೇರಿದವು. ಗಂಡ ದಿನಾ ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ಬಾಯಮ್ಮನಿಗೆ ಎಲ್ಲ ರಾಗವೂ ಬಾಯಿಪಾಠ. ಕ್ಲಾರಿನೆಟ್ ಎಲ್ಲಿ ಎದ್ದು ಎಲ್ಲಿ ಬಾಗಿ ಎಲ್ಲಿ ಅಳಬೇಕೋ ಅಲ್ಲೆಲ್ಲ ಅವರ ಕಂಠ ಎದ್ದಿತು, ಬಾಗಿತು, ಅತ್ತಿತು. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಗ್ಲಾಸು ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಬಸ್ಸಿನ ಡ್ರೈವರ್ ಇಂಜಿನು ನಿಲ್ಲಿಸಿದ. ಮಾಸ್ಟ್ರು ಮತ್ತೆ ನಗಲಿಲ್ಲ.

ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಗಂಡಸರ ಜೊತೆ ಊರೂರು ತಿರುಗುತ್ತಾಳೆ ಎಂದು ಇಗರ್ಜಿಗೆ ದೂರು ಹೋಯಿತು. ಪಾದ್ರಿಗಳು ಕರೆಸಿದರು. ಪೂಜೆಯಲ್ಲಿ ಹಾಡಿದರೆ ದೇವರಿಗೆ, ಬೀದಿಯಲ್ಲಿ ಹಾಡಿದರೆ ಸೈತಾನನಿಗೆ ಎಂದು ಎಲ್ಲಿ ಬರೆದಿದೆ ತೋರಿಸಿ ಎಂದು ಇವರು ಕೇಳಿದರಂತೆ. ಪಾದ್ರಿಗಳು ಒಳ್ಳೆಯವರು, ಸ್ವಲ್ಪ ಯೋಚಿಸಿ, ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದ ನಲವತ್ತು ದಿನ ಮಾತ್ರ ಬೇಡ ಎಂದರು. ಆ ಒಂದು ಮಾತನ್ನು ಬಾಯಮ್ಮ ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರೆಂದರೆ, ಈಸ್ಟರ್ ಬರುವವರೆಗೆ ಬಾವಿಕಟ್ಟೆಯಲ್ಲೂ ಗುನುಗುತ್ತಿರಲಿಲ್ಲ. ಆ ದಿನಗಳಲ್ಲಿ ನೀರು ಸೇದುವುದೇ ನನಗೆ ಬೇಸರವಾಗುತ್ತಿತ್ತು.

ಅರವತ್ತರ ದಶಕ ಪೂರ್ತಿ ಅವರದ್ದೇ. ಬೆಳ್ತಂಗಡಿ, ಲಾಯಿಲ, ಬಂಟ್ವಾಳ, ಮೂಡಬಿದ್ರೆ... ಜೈನರ ಮದುವೆ, ನಮ್ಮವರ ಮದುವೆ, ಎಲ್ಲದಕ್ಕೂ ಬ್ಯಾಂಡಿನ ಬಾಯಮ್ಮ ಬೇಕು. ತುಳುವಿನಲ್ಲಿ, ಕನ್ನಡದಲ್ಲಿ, ಕೊಂಕಣಿಯಲ್ಲಿ ತಾವೇ ಸಾಲು ಕಟ್ಟುತ್ತಿದ್ದರು. ಬಸ್ಸಿನಲ್ಲಿ ಡೋಲು ಮೇಲೆ, ಗಂಡಸರು ಹಿಂದೆ, ಇವರು ಮುಂದಿನ ಸೀಟಿನಲ್ಲಿ ಬಿಳಿ ಸೀರೆ ಉಟ್ಟು ಕೊಡೆ ಹಿಡಿದು ಇನ್‌ಸ್ಪೆಕ್ಟರರ ಹಾಗೆ ಕೂತಿರುತ್ತಿದ್ದರು.

ಒಮ್ಮೆ ಒಂದು ದೊಡ್ಡ ಮನೆಯ ಮದುವೆ. ಬ್ಯಾಂಡಿನವರಿಗೆ ಊಟದ ಎಲೆ ಹಾಕಿದ್ದು ದನದ ಹಟ್ಟಿಯ ಪಕ್ಕದಲ್ಲಿ. ಹಾಡು ಚಾವಡಿಯಲ್ಲಿ, ಊಟ ಹಟ್ಟಿಯಲ್ಲಾದರೆ ನಮಗೆ ದಾರಿ ತಪ್ಪುತ್ತದೆ ಎಂದು ಬಾಯಮ್ಮ ಡೋಲು ಕಟ್ಟಿಸಿ ಹೊರಟುನಿಂತರು. ದಿಬ್ಬಣ ಗೇಟಿನಲ್ಲಿ ನಿಂತಿತ್ತು. ಯಜಮಾನರೇ ಬಂದು ಚಾವಡಿಯಲ್ಲಿ ಎಲೆ ಹಾಕಿಸಬೇಕಾಯಿತು. ಆ ದೊಡ್ಡ ಮನೆ ಬೇರೆ ಯಾವುದೂ ಅಲ್ಲ, ನನ್ನ ದೊಡ್ಡಮ್ಮನದ್ದು. ನೆಂಟರೆಲ್ಲ ನನ್ನ ಮುಖ ನೋಡಿದರು, ನಿನ್ನ ಪಕ್ಕದ ಮನೆಯವಳಲ್ಲವಾ ಎಂದು. ಹೌದು ಎಂದೆ, ಹೆಮ್ಮೆಯಿಂದಲೇ ಎಂದೆ.

ಇಡೀ ಸೀಮೆಯ ಮದುವೆಗೆ ಬೇಕಾದವರು ಸ್ವಂತ ಜನರ ರೋಸಿಗೆ ಮಾತ್ರ ಬೇಡವಾಗಿಯೇ ಉಳಿದರು. ಅದನ್ನು ಅವರು ತೋರಿಸಿಕೊಳ್ಳಲಿಲ್ಲ. ಆದರೆ ಎಲ್ಲಿಂದಾದರೂ ವೊವಿಯೊ ತೇಲಿ ಬಂದರೆ ಕಿಟಕಿ ಮುಚ್ಚುತ್ತಿದ್ದರು.

ಹಾಗಿರುವಾಗ ಮಗಳ ಮದುವೆ ಗೊತ್ತಾಯಿತು. ಮೂಡಬಿದ್ರೆಯ ಹುಡುಗ, ಒಳ್ಳೆಯ ಮನೆ. ರೋಸ್ ವಾಮದಪದವಿನಲ್ಲಿ, ಬಾಯಮ್ಮನದ್ದೇ ಅಂಗಳದಲ್ಲಿ. ಶಾಸ್ತ್ರದ ಪ್ರಕಾರ ಮೊದಲ ಹಾಲು ಹಾಕಬೇಕಾದವಳು ತಾಯಿ. ತಾಯಿಗೆ ಗಂಡನಿಲ್ಲ, ಆದ್ದರಿಂದ ಆ ಕೆಲಸ ಬಾಯಮ್ಮನ ಅದೇ ಅತ್ತಿಗೆಗೆ, ಹಾಡುವ ಕೆಲಸವೂ ಅತ್ತಿಗೆಗೆ. ಅಮ್ಮ ಹಾಡದಿದ್ದರೆ ತಾನು ಮಣೆಯ ಮೇಲೆ ಕೂರುವುದಿಲ್ಲ ಎಂದು ಹುಡುಗಿ ಹಟ ಹಿಡಿದಳು. ನಾನು ಅಲ್ಲೇ ಇದ್ದೆ, ಬಾಯಮ್ಮ ಏನಾದರೊಂದು ಸಿಡಿಸುತ್ತಾರೆ ಎಂದು ಕಾದೆ. ಅವರು ಮಗಳನ್ನೇ ಗದರಿಸಿದರು. ನಾಳೆ ಆ ಮನೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೂ ಇದನ್ನೇ ಹೇಳುತ್ತಾರೆ, ಬದುಕಬೇಕಾದವಳು ನೀನು, ಕೂತುಕೋ ಎಂದರು. ಪಾದ್ರಿಗೆ, ಯಜಮಾನರಿಗೆ ಹೆದರದವರು ಮಗಳ ಸಂಸಾರಕ್ಕೆ ಹೆದರಿದ್ದರು. ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದ್ದು ಆ ಒಂದು ದಿನ ಮಾತ್ರ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಸಂಜೆ ನಾಲ್ಕರ ಬಿಸಿಲು ಚಪ್ಪರದ ತೆಂಗಿನ ಮಡಲಿನ ಸಂದಿಯಿಂದ ಇಳಿಯುತ್ತಿತ್ತು. ಬಾಯಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮಣೆ ಹಾಕಿ ಕೂತಿದ್ದರು. ಹೊರಗೆ ಅತ್ತಿಗೆ ವೊವಿಯೊ ಎತ್ತಿದರು. ದೇವರ ಹೆಸರಾಯಿತು, ಹಿರಿಯರ ಹೆಸರಾಯಿತು, ಹಾಲಿನ ಬಟ್ಟಲು ಬಂತು. ಅಲ್ಲಿ ತಾಯಿಯನ್ನು ಕರೆಯುವ ಸಾಲನ್ನು ಬಿಟ್ಟು, ಹುಡುಗಿಯ ಸೋದರತ್ತೆಯನ್ನು, ಅಂದರೆ ತಮ್ಮನ್ನೇ ಕರೆಯುವ ಸಾಲನ್ನು ಅವರು ಹಾಡಬೇಕಿತ್ತು. ಎಷ್ಟೋ ವರ್ಷ, ಎಷ್ಟೋ ಚಪ್ಪರಗಳಲ್ಲಿ ಹಾಡಿದ ಬಾಯಿ ಅದು. ಅಭ್ಯಾಸದ ಬಲದಲ್ಲಿ ಹಳೆಯ ಸಾಲೇ ಬಂದುಬಿಟ್ಟಿತು:

"ಹೆತ್ತವಳೇ ಹೊರಗೆ ಬಾ, ಹಾಲು ನಿನಗೆ ಕಾದಿದೆ, ಮಗಳ ನೆತ್ತಿಗೆ ಮೊದಲ ಹನಿ ನಿನ್ನ ಕೈಯದೇ."

ಹೆಂಗಸರೂ ಯೋಚಿಸದೆ ಅದನ್ನೇ ತಿರುಗಿ ಹಾಡಿದರು. ಹಾಡಿ ಮುಗಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಅತ್ತಿಗೆ ಬಟ್ಟಲು ಹಿಡಿದವರು ಹಾಗೇ ನಿಂತರು. ಕರೆದಾಗಿದೆ, ಎಲ್ಲರೂ ತಿರುಗಿ ಹಾಡಿಯೂ ಆಗಿದೆ. ಇನ್ನು ತಾಯಿ ಬಂದರೆ ಅಪಶಕುನ, ಬಾರದಿದ್ದರೂ ಅಪಶಕುನ. ಮದುಮಗಳು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು.

ಒಳಗಿನಿಂದ ಆ ಗಡಸು ಧ್ವನಿ ಎದ್ದಿತು. ಮೊದಲು ಧ್ವನಿ ಬಂತು, ಆಮೇಲೆ ಅವರು ಬಂದರು. ನನಗೆ ಅಷ್ಟು ಹೊತ್ತಿಗೆ ಕೊಂಕಣಿ ತಿಳಿಯುತ್ತಿತ್ತು. ಅವರು ಕಟ್ಟಿದ ಸಾಲಿನ ಅರ್ಥ ಇಷ್ಟು:

"ಬಂದೆ ಮಗಳೇ ಬಂದೆ, ಬರಿಗೈಯಲ್ಲಿ ಬಂದೆ, ಬಳೆಯ ಸದ್ದು ಇಲ್ಲ, ನನ್ನ ಹೆಜ್ಜೆಯ ಸದ್ದು ಕೇಳು."

ಇದನ್ನು ಉಳಿದವರು ತಿರುಗಿ ಹಾಡಬೇಕು. ಹಾಡದಿದ್ದರೆ ಅವರನ್ನು ಚಪ್ಪರದಿಂದ ಹೊರಗೆ ಹಾಕಿದ ಹಾಗೆ. ಯಾರೂ ಬಾಯಿ ಬಿಡಲಿಲ್ಲ... ಮೊದಲು ಹಾಡಿದವರು ಅತ್ತಿಗೆ. ತಗ್ಗಿದ ದನಿಯಲ್ಲಿ ಎರಡೂ ಸಾಲನ್ನು ಪೂರ್ತಿ ಹಾಡಿದರು. ಆಮೇಲೆ ಇಡೀ ಚಪ್ಪರ ಹಾಡಿತು. ನಾನೂ ತಪ್ಪು ತಪ್ಪು ಕೊಂಕಣಿಯಲ್ಲಿ ಹಾಡಿದೆ. ಅತ್ತಿಗೆ ಬಟ್ಟಲನ್ನು ಬಾಯಮ್ಮನ ಕೈಗೆ ಕೊಟ್ಟರು. ಬಾಯಮ್ಮ ಮಗಳ ನೆತ್ತಿಗೆ ಹಾಲು ಹಾಕಿ, ಹಾಕುತ್ತಲೇ ಮುಂದಿನ ಸಾಲು ಎತ್ತಿದರು. ಎಷ್ಟೋ ವರ್ಷ ಒಳಗೇ ಇಟ್ಟುಕೊಂಡದ್ದನ್ನೆಲ್ಲ ಅವರು ಆ ಸಂಜೆ ಹಾಡಿದರು. ಅಂಥ ಹಾಡು ನಾನು ಆಮೇಲೆ ಕೇಳಿಲ್ಲ.

ನಾಲಿಗೆಗೆ ಎಲುಬಿಲ್ಲ, ತಪ್ಪಿಹೋಯಿತು ಎಂದೇ ಅತ್ತಿಗೆ ಸಾಯುವವರೆಗೆ ಹೇಳಿದರು. ನಿಜವೇ ಇರಬೇಕು. ಆದರೆ ತಿರುಗಿ ಹಾಡಿದ್ದು ನಾಲಿಗೆ ತಪ್ಪಿ ಅಲ್ಲ.

ಮಗಳು ಸುಖವಾಗಿ ಬಾಳಿದಳು. ಅದನ್ನು ನೋಡಿ ಬೇರೆ ಮನೆಯವರೂ ಬಾಯಮ್ಮನನ್ನು ರೋಸಿಗೆ ಕರೆಯತೊಡಗಿದರು. ನಿಮ್ಮ ಮನೆಯಲ್ಲಿ ಗಂಡ ಸತ್ತವರು ಯಾರಾದರೂ ಒಳಗೆ ಕೂತಿದ್ದರೆ ಅವರನ್ನೂ ಚಪ್ಪರಕ್ಕೆ ಕರೆಯಿರಿ, ಆಗ ಬರುತ್ತೇನೆ ಎಂದು ಇವರದ್ದೊಂದು ಷರತ್ತು. ಕೆಲವರು ಒಪ್ಪಿದರು, ಕೆಲವರು ಬೇರೆಯವರನ್ನು ಹುಡುಕಿಕೊಂಡರು. ಕಡೆಗಾಲದಲ್ಲಿ ಕಂಠ ಪೂರ್ತಿ ಹೋಗಿತ್ತು. ಮೂಡಬಿದ್ರೆಯಲ್ಲಿ ಮಗಳ ಮನೆಯಲ್ಲೇ ತೀರಿಕೊಂಡರು. ಒಂದು ಗ್ರಾಮಫೋನ್ ತಟ್ಟೆಯಲ್ಲಾಗಲಿ ಟೇಪಿನಲ್ಲಾಗಲಿ ಅವರ ಧ್ವನಿಯನ್ನು ಯಾರೂ ಹಿಡಿದಿಡಲಿಲ್ಲ. ಹಿಡಿದಿಡಬೇಕು ಎಂದು ನಮಗೆ ಹೊಳೆಯಲೂ ಇಲ್ಲ.

ಮೊನ್ನೆ ಕೈ ತೊಳೆದುಕೊಂಡು ಅವರ ಮಗಳಿಗೆ ಫೋನ್ ಮಾಡಿಸಿದೆ. ಅವಳೂ ಈಗ ಮುದುಕಿ, ನನ್ನನ್ನು ಇನ್ನೂ ಅಕ್ಕ ಎಂದೇ ಕರೆಯುವುದು. ಅಮ್ಮನ ಆ ಸಾಲು ನೆನಪುಂಟಾ ಎಂದು ಕೇಳಿದಳು. ಉಂಟಲ್ಲ ಎಂದೆ. ಶಬ್ದ ನೆನಪಿತ್ತು, ರಾಗವೂ ನೆನಪಿತ್ತು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಎರಡೂ ಸಾಲು ಹಾಡಿದೆ.

"ಅಮ್ಮ ಹೀಗೆ ಹಾಡ್ತಿರಲಿಲ್ಲ, ಅಕ್ಕ," ಎಂದಳು.

"ಇಲ್ಲ ಮಗಾ," ಎಂದೆ, "ಹೀಗೆ ಹಾಡ್ತಿರಲಿಲ್ಲ."